ಎಂಜಿನ್ನಿನ ಮೂಗು ಎಲ್ಲಿರಬೇಕು?

ಚಿಕ್ಕನಾಯಕನಹಳ್ಳಿಯಲ್ಲಿ ನಿಂತು ‘ಕಾರಿನ ಎಂಜಿನ್ನಿಗೆ ನೀರು ನುಗ್ಗುತ್ತೆ, ಹುಷಾರು’ ಅಂದರೆ ಕೇಳಿದವರು ನಗುತ್ತಾರೆ. ನಮ್ಮದು ಸಾವಿರ ಅಡಿ ಕೊರೆಸಿದರೂ ದೂಳೇ ಬರುವ ಬೋರ್‌ವೆಲ್‌ಗಳ ಸೀಮೆ. ಈ ಹತ್ತು ವರ್ಷದಲ್ಲಿ ನಾನು ಪತ್ರಿಕೆಗೆ ಕಳಿಸಿದ ನೀರಿನ ಸುದ್ದಿಗಳಲ್ಲಿ ಹೆಚ್ಚಿನವು ನೀರಿಲ್ಲದ ಸುದ್ದಿಗಳೇ. ಟ್ಯಾಂಕರ್ ಬಾಡಿಗೆ ಬಾಕಿ, ಸುಳಿ ಒಣಗಿದ ತೆಂಗು, ಬರ ನೋಡಲು ಬಂದ ಅಧಿಕಾರಿಗಳ ತಂಡ, ಹೇಮಾವತಿ ನೀರಿಗೆ ಧರಣಿ. ಹಾಗಾಗಿ ಈ ಬರಹ ಬೆಂಗಳೂರಿನವರಿಗೆ ಬರೆದದ್ದು ಅನ್ನಿಸಬಹುದು. ಅಲ್ಲ, ಇದು ನಮಗೇ. ನೀರು ಅಪರೂಪವಾದ ಊರಿನಲ್ಲಿಯೇ ನೀರಿನ ಭಯ ಬೇಗ ಮರೆಯುವುದು.

ವಿಷಯ ಇಷ್ಟು. ಕಾರಿಗೆ ‘ಕೋಲ್ಡ್ ಏರ್ ಇನ್‌ಟೇಕ್’ ಹಾಕಿಸುವ ಹುಚ್ಚು ನಮ್ಮ ಹುಡುಗರಿಗೂ ಹತ್ತಿದೆ. ನನ್ನ ಚಿಕ್ಕಪ್ಪನ ಮಗ ತೋಟ ತೋಟ ಸುತ್ತಿ ಕಾಯಿ ಗುತ್ತಿಗೆ ಹಿಡಿಯುವವನು. ಬೆಳಿಗ್ಗೆ ಶೆಟ್ಟಿಕೆರೆ ಕಡೆ ಇದ್ದರೆ ಮಧ್ಯಾಹ್ನ ಹಂದನಕೆರೆ, ಸಂಜೆ ತಿಪಟೂರಿನ ಮಂಡಿ. ಸೊಸೈಟಿ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಗೊಂಡಿದ್ದಾನೆ. ಆ ಕಾರು ಓಡಿದರೆ ಅವನ ಮನೆ ಓಡುತ್ತದೆ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಒಂದು ಕಿಟ್ ತರಿಸಿದ. ಹೊಳೆಯುವ ಅಲ್ಯೂಮಿನಿಯಂ ಪೈಪು, ಕೆಂಪು ಬಣ್ಣದ ಶಂಕುವಿನಾಕಾರದ ಫಿಲ್ಟರ್, ನಾಲ್ಕು ಕ್ಲಾಂಪು, ಎಲ್ಲ ಸೇರಿ ಏಳು ಸಾವಿರ ರೂಪಾಯಿ. “ಅಣ್ಣ, ಹತ್ತು ಪರ್ಸೆಂಟ್ ಪವರ್ ಜಾಸ್ತಿ ಆಗುತ್ತಂತೆ ಕಣಣ್ಣ” ಅಂತ ಡಬ್ಬಿ ತೋರಿಸಿದ. ಆ ಡಬ್ಬಿಯಿಂದ ನಾನು ಈ ವಿಷಯದ ಹಿಂದೆ ಬಿದ್ದೆ.

ಮೊದಲು ಈ ಪೈಪು ಏನು ಮಾಡುತ್ತದೆ ಅನ್ನುವುದನ್ನು ನೋಡೋಣ. ಎಂಜಿನ್ನಿಗೆ ಡೀಸೆಲ್ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. 1250 ಸಿಸಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಟರ್ಬೊ ಲೆಕ್ಕ ಬಿಟ್ಟರೂ, ನಿಮಿಷಕ್ಕೆ 1250 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕನ್ನು ಒಂದು ನಿಮಿಷದೊಳಗೆ ಖಾಲಿ ಮಾಡುವಷ್ಟು ಎಳೆತ ಅದು. ತಣ್ಣನೆಯ ಗಾಳಿ ಬಿಸಿ ಗಾಳಿಗಿಂತ ದಟ್ಟ. ಹತ್ತು ಡಿಗ್ರಿ ತಣ್ಣಗಾದರೆ ಅದೇ ಜಾಗದಲ್ಲಿ ಸುಮಾರು ಶೇ 3ರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ, ಅಷ್ಟು ಹೆಚ್ಚು ಇಂಧನ ಉರಿಯಬಹುದು. ಬಾನೆಟ್ಟಿನೊಳಗಿನ ಗಾಳಿ ಕಾದಿರುತ್ತದೆ, ಬಂಪರಿನ ಹಿಂದೆ ಕೆಳಗಿನ ಗಾಳಿ ತಣ್ಣಗಿರುತ್ತದೆ. ಆದ್ದರಿಂದ ಫಿಲ್ಟರನ್ನು ಉದ್ದ ಪೈಪಿನ ತುದಿಗೆ ಕಟ್ಟಿ ಕೆಳಗಿಳಿಸಿ, ಚಕ್ರದ ಮುಂದೆ, ಬಂಪರಿನ ಮೂಲೆಯಲ್ಲಿ ಕೂರಿಸುತ್ತಾರೆ. ಕೋಲ್ಡ್ ಏರ್ ಇನ್‌ಟೇಕ್ ಅಂದರೆ ಇಷ್ಟೇ.

ಲೆಕ್ಕ ಸರಿಯಾಗಿಯೇ ಇದೆ. ಆದರೆ ಕಾರು ಮಾಡಿದವರಿಗೂ ಈ ಲೆಕ್ಕ ಗೊತ್ತಿತ್ತು. ಈಗಿನ ಬಹುಪಾಲು ಕಾರುಗಳ ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ಪ್ಲಾಸ್ಟಿಕ್ ಕೊಳವೆ ಮುಂದಿನ ಗ್ರಿಲ್ಲಿನ ಮೇಲ್ಭಾಗಕ್ಕೋ ಹೆಡ್‌ಲೈಟಿನ ಹಿಂಭಾಗಕ್ಕೋ ಬಾಯಿ ಇಟ್ಟಿರುತ್ತದೆ. ಅಂದರೆ ಅದು ಎಳೆಯುವುದೂ ಹೊರಗಿನ ಗಾಳಿಯನ್ನೇ. ಟರ್ಬೊ ಇರುವ ಡೀಸೆಲ್ ಕಾರಿನಲ್ಲಿ ಗಾಳಿಯನ್ನು ಒತ್ತಿ ಬಿಸಿಯಾದ ಮೇಲೆ ತಣಿಸುವುದಕ್ಕೆ ಇಂಟರ್‌ಕೂಲರ್ ಬೇರೆ ಇರುತ್ತದೆ. ಎಷ್ಟು ಡೀಸೆಲ್ ಬಿಡಬೇಕು, ಟರ್ಬೊ ಎಷ್ಟು ಒತ್ತಬೇಕು ಅನ್ನುವುದನ್ನು ಕಾರಿನ ಕಂಪ್ಯೂಟರ್ ತೀರ್ಮಾನಿಸುತ್ತದೆ. ಬರೀ ಪೈಪು ಬದಲಾಯಿಸಿದ ಮಾತ್ರಕ್ಕೆ ಅದರ ತೀರ್ಮಾನ ದೊಡ್ಡದಾಗಿ ಬದಲಾಗುವುದಿಲ್ಲ. ನಿಜವಾಗಿ ಬದಲಾಗುವುದು ಸದ್ದು. ಎಂಜಿನ್ ಉಸಿರೆಳೆಯುವ ಸದ್ದು, ಟರ್ಬೊದ ಶಿಳ್ಳೆ ಜೋರಾಗಿ ಕೇಳುತ್ತದೆ. ಕಿವಿಗೆ ಪವರ್ ಬಂದ ಹಾಗೆ ಅನ್ನಿಸುತ್ತದೆ.

ನಾವಿಬ್ಬರೂ ಟೇಪು ಹಿಡಿದು ಅಳೆದೆವು. ಅವನ ಕಾರಿನಲ್ಲಿ ಕಂಪನಿ ಕೊಟ್ಟ ಕೊಳವೆಯ ಬಾಯಿ ನೆಲದಿಂದ ಸುಮಾರು 70 ಸೆಂಟಿಮೀಟರ್ ಮೇಲಿತ್ತು. ಕಿಟ್ಟಿನ ಜೊತೆ ಬಂದ ಚಿತ್ರದ ಪ್ರಕಾರ ಕೂರಿಸಿದರೆ ಹೊಸ ಫಿಲ್ಟರಿನ ತಳ ನೆಲದಿಂದ 28 ಸೆಂಟಿಮೀಟರ್. ಒಂದು ತೊಡೆಯ ಎತ್ತರ, ಇನ್ನೊಂದು ಮೊಣಕಾಲಿಗಿಂತ ಕೆಳಗೆ. ಏಳು ಸಾವಿರ ಕೊಟ್ಟು ನಾವು ಎಂಜಿನ್ನಿನ ಮೂಗನ್ನು ಒಂದೂಕಾಲು ಅಡಿಗಿಂತ ಹೆಚ್ಚು ಕೆಳಗೆ ತರುತ್ತಿದ್ದೆವು.

ಮೂಗಿನಲ್ಲಿ ನೀರು ಹೋದರೆ ಎಂಜಿನ್ ಕೆಮ್ಮಿ ಸುಧಾರಿಸಿಕೊಳ್ಳುವುದಿಲ್ಲ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಎಲ್ಲ ಅನಾಹುತ ಇರುವುದು ಇಷ್ಟರಲ್ಲೇ. 1250 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ 312 ಮಿಲಿಲೀಟರ್ ಜಾಗ. ಡೀಸೆಲ್ ಎಂಜಿನ್ ಗಾಳಿಯನ್ನು ಹದಿನೇಳು ಪಾಲಿಗೆ ಒಂದು ಪಾಲು ಆಗುವಂತೆ ಒತ್ತುತ್ತದೆ ಅಂದುಕೊಂಡರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 20 ಮಿಲಿಲೀಟರಿಗೂ ಒಂಚೂರು ಕಡಿಮೆ. ಮಗುವಿಗೆ ಹಾಲು ಕುಡಿಸುವ ಒಳಲೆಯ ಲೆಕ್ಕದ ನೀರು ಅದು, ನಾಲ್ಕು ಟೀ ಚಮಚ. ಅದಕ್ಕಿಂತ ಹೆಚ್ಚು ನೀರು ಒಂದು ಸಿಲಿಂಡರಿಗೆ ಹೋದರೆ ಪಿಸ್ಟನ್ ಮೇಲೆ ಬರಲು ಜಾಗವಿಲ್ಲ. ಉಳಿದ ಮೂರು ಪಿಸ್ಟನ್ನುಗಳ ರಭಸ ಅದನ್ನು ತಳ್ಳುತ್ತಲೇ ಇರುತ್ತದೆ. ನೀರು ಬಗ್ಗುವುದಿಲ್ಲವಾದ್ದರಿಂದ ಕಬ್ಬಿಣ ಬಗ್ಗುತ್ತದೆ. ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಜೋರಾಗಿದ್ದರೆ ಮುರಿದು ಎಂಜಿನ್ ಬ್ಲಾಕಿಗೇ ತೂತು ಹಾಕುತ್ತದೆ. ಇದಕ್ಕೆ ಹೈಡ್ರೋಲಾಕ್ ಅನ್ನುತ್ತಾರೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒತ್ತುವ ಪ್ರಮಾಣ ಕಡಿಮೆ, ಉಳಿಯುವ ಜಾಗ ಸ್ವಲ್ಪ ಹೆಚ್ಚು. ಹಾಗಾಗಿ ಡೀಸೆಲ್ ಕಾರಿಗೇ ಅಪಾಯ ಜಾಸ್ತಿ.

ಮಳೆಹನಿಗೆ ಹೆದರಬೇಕಿಲ್ಲ ಅನ್ನುವುದನ್ನೂ ಹೇಳಬೇಕು. ಚಕ್ರ ಎರಚಿದ ಹನಿ, ತುಂತುರು ಒಳಗೆ ಹೋದರೂ ಆವಿಯಾಗಿ ಹೊಗೆಯ ಜೊತೆ ಹೊರಟುಹೋಗುತ್ತದೆ. ಅಪಾಯ ಇರುವುದು ಫಿಲ್ಟರ್ ಮುಳುಗಿದಾಗ. ಆಗ ಆ ನಿಮಿಷಕ್ಕೆ 1250 ಲೀಟರಿನ ಎಳೆತ ಗಾಳಿಯ ಬದಲು ನೀರನ್ನು ಹೀರುತ್ತದೆ. ಆಮೇಲೆ ಬ್ರೇಕ್ ತುಳಿಯುವಷ್ಟು ಹೊತ್ತೂ ಸಿಗುವುದಿಲ್ಲ.

‘ಮುಳುಗುವಷ್ಟು ನೀರು ನಮ್ಮಲ್ಲಿ ಎಲ್ಲಿದೆ?’ ಅನ್ನುವುದು ನನ್ನ ತಮ್ಮನ ವಾದ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಸೀಮೆ, ನಿಜ. ಆದರೆ ಆ ಮಳೆ ಈಗ ಹೇಗೆ ಬೀಳುತ್ತಿದೆ ನೋಡಿ. ಹುಳಿಯಾರು ದಾಟಿ ಹಿರಿಯೂರಿನ ಕಡೆ ಹೋದರೆ ಸಿಗುವ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಕ್ಕೆ. ಅದೇ ವರ್ಷ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳೂ ಕೋಡಿ ಹರಿದವು. ಕೋಡಿ ನೋಡಲು ಜನ ಹೋದದ್ದು ಕಾರಿನಲ್ಲಿ. ಕೋಡಿ ನೀರು ಹರಿದದ್ದು ಆ ಕಾರುಗಳು ಹೋಗುವ ರಸ್ತೆಯ ಮೇಲೆ.

ಇನ್ನೊಂದು, ನಾವೇ ಕಟ್ಟಿಕೊಂಡ ಗುಂಡಿಗಳು. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ರೈಲ್ವೆ ಗೇಟುಗಳನ್ನೆಲ್ಲ ರೈಲ್ವೆಯವರು 2019ರ ಜನವರಿ ಹೊತ್ತಿಗೆ ತೆಗೆದರು. ಅದರಿಂದ ಜೀವಗಳು ಉಳಿದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಎಷ್ಟೋ ಕಡೆ ಹಳಿಯ ಕೆಳಗೆ ರಸ್ತೆಯನ್ನು ತಗ್ಗಿಸಿ ಅಂಡರ್‌ಪಾಸ್ ಮಾಡಿದರು. ನಮ್ಮ ಊರಿಗೆ ರೈಲಿಲ್ಲ. ಆದರೆ ನಾವು ಕಾಯಿ, ಕೊಬ್ಬರಿ ತಗೊಂಡು ಹೋಗುವ ತಿಪಟೂರಿನ ಕಡೆ, ತುರುವೇಕೆರೆ ತಾಲ್ಲೂಕಿನ ಬಾಣಸಂದ್ರದ ಕಡೆ ಬೆಂಗಳೂರು–ಅರಸೀಕೆರೆ ಮಾರ್ಗ ಹಾದುಹೋಗುತ್ತದೆ. ಒಂದು ಗಂಟೆ ಜೋರು ಮಳೆ ಬಿದ್ದರೆ ಅಕ್ಕಪಕ್ಕದ ತೋಟದ ನೀರೆಲ್ಲ ಇಂಥ ತಗ್ಗಿಗೆ ಇಳಿಯುತ್ತದೆ. ಉಳಿದ ತಾಲ್ಲೂಕು ಒಣಗಿರುತ್ತದೆ, ಅಲ್ಲಿ ಮಾತ್ರ ಸೊಂಟದ ನೀರು. ಬರದ ಸೀಮೆಯಲ್ಲಿ ಕಾರು ಮುಳುಗುವುದು ಹೀಗೆ.

ಅಂಥದೊಂದು ಅಂಡರ್‌ಪಾಸಿನಲ್ಲಿ ನಿಂತುಹೋದ ಕಾರನ್ನು ಅಕ್ಟೋಬರ್ ತಿಂಗಳ ಒಂದು ಸಂಜೆ ಫೋಟೊ ತೆಗೆಯಲು ಹೋಗಿದ್ದೆ. ಕಾರು ಕೊಬ್ಬರಿ ವ್ಯಾಪಾರ ಮಾಡುವ ಹುಡುಗನೊಬ್ಬನದು. ನಾನು ಹೋಗುವಷ್ಟರಲ್ಲಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಹೊರಗೆ ಎಳೆದಿದ್ದರು. ನೀರಿನ ಗುರುತು ನಂಬರ್ ಪ್ಲೇಟಿನವರೆಗೆ ಮಾತ್ರ ಇತ್ತು. ಸೀಟು ನೆನೆದಿರಲಿಲ್ಲ. “ಇಷ್ಟೇ ನೀರು ಸಾರ್, ನನ್ನ ಮುಂದೆಯೇ ಎರಡು ಕಾರು ದಾಟಿ ಹೋದವು” ಅಂದ. ದಾಟಿದ ಕಾರುಗಳ ಮೂಗು ಮೇಲಿತ್ತು, ಇವನದು ಬಂಪರಿನ ಮೂಲೆಯಲ್ಲಿತ್ತು. ಅದು ಅವನಿಗೂ ಹೊಳೆದಿರಲಿಲ್ಲ. ನಿಂತ ಕೂಡಲೇ ಮೂರು ಸಲ ಸೆಲ್ಫ್ ಹೊಡೆದಿದ್ದ. ಮೂರನೆಯ ಸಲ ‘ಟಣ್’ ಅಂತ ಸದ್ದು ಬಂತಂತೆ.

ಅವನ ಇನ್ಶೂರೆನ್ಸ್ ಕಥೆಯನ್ನೂ ಕೇಳಿ ತಿಳಿದುಕೊಂಡೆ. ನಮ್ಮ ದೇಶದ ಸಾಮಾನ್ಯ ಕಾರು ಪಾಲಿಸಿಯಲ್ಲಿ ಪ್ರವಾಹದಿಂದ ಆದ ಹಾನಿಗೆ ರಕ್ಷಣೆ ಇದೆ. ಅದರ ಜೊತೆಗೇ, ಒಂದು ಘಟನೆಯ ಹಿಂದೆ ಬಂದ ನಷ್ಟಕ್ಕೆ, ಯಂತ್ರ ತಾನಾಗಿ ಕೆಟ್ಟದ್ದಕ್ಕೆ ರಕ್ಷಣೆ ಇಲ್ಲ ಅಂತಲೂ ಬರೆದಿರುತ್ತದೆ. ನೀರು ನುಗ್ಗಿದ್ದು ಪ್ರವಾಹ, ಆಮೇಲೆ ಸೆಲ್ಫ್ ಹೊಡೆದದ್ದರಿಂದ ರಾಡ್ ಬಾಗಿದ್ದು ನಿಮ್ಮ ಕೈಯಾರೆ ಆದದ್ದು ಅನ್ನುವುದು ಅವರ ವಾದ. ಈ ಗುಂಡಿ ಮುಚ್ಚಲು ‘ಎಂಜಿನ್ ಪ್ರೊಟೆಕ್ಟ್’ ಅನ್ನುವ ಹೆಚ್ಚುವರಿ ರಕ್ಷಣೆ ಸಿಗುತ್ತದೆ, ಅದಕ್ಕೆ ಬೇರೆ ಹಣ ಕಟ್ಟಬೇಕು, ಹಳೆಯ ಕಾರಿಗೆ ಎಲ್ಲರೂ ಕೊಡುವುದಿಲ್ಲ. ಇವನು ಅದನ್ನು ತಗೊಂಡಿರಲಿಲ್ಲ. ಮೇಲೆ ಸರ್ವೆಗೆ ಬಂದವರು ಕೆಂಪು ಫಿಲ್ಟರಿನ ಫೋಟೊ ಹೊಡೆದುಕೊಂಡು, ಕಂಪನಿಯ ಭಾಗವಲ್ಲದ್ದನ್ನು ಹಾಕಿಸಿದ್ದು ಪಾಲಿಸಿ ಮಾಡಿಸುವಾಗ ತಿಳಿಸಿದ್ದೀರಾ ಅಂತ ಕೇಳಿದ್ದಾರೆ. ಕೊನೆಗೆ ಎಂಜಿನ್ ಕೆಲಸಕ್ಕೆ ತೊಂಬತ್ತು ಸಾವಿರ ಅವನ ಜೇಬಿನಿಂದಲೇ ಹೋಯಿತು. ಒಂದು ಸೀಸನ್ನಿನ ಲಾಭ ಅದು.

ಆ ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ನಮಗೆ ಗೊತ್ತಿರುವವರೇ. ತಮ್ಮನನ್ನು ಕಿಟ್ಟಿನ ಸಮೇತ ಅವರ ಶೆಡ್ಡಿಗೆ ಕರೆದುಕೊಂಡು ಹೋದೆ. ಅವರು ಮಾತಾಡದೆ ಒಂದು ಕನೆಕ್ಟಿಂಗ್ ರಾಡ್ ತಂದು ಅವನ ಕೈಗೆ ಕೊಟ್ಟರು. ದೂರದಿಂದ ನೋಡಿದರೆ ನೆಟ್ಟಗಿತ್ತು. ಹೊಸ ರಾಡಿನ ಪಕ್ಕದಲ್ಲಿ ಹಿಡಿದಾಗ ಬಾಗಿರುವುದು ಗೊತ್ತಾಯಿತು.

“ಇದು ಇಷ್ಟೇ ಬಾಗಿ ಗಾಡಿ ಸ್ಟಾರ್ಟ್ ಆಗಿಬಿಟ್ಟರೆ ಇನ್ನೂ ಕಷ್ಟ ಕಣಪ್ಪ” ಅಂದರು. “ಏನೂ ಆಗಿಲ್ಲ ಅಂತ ಓಡಿಸ್ತಾ ಇರ್ತೀಯ. ಒಂದು ತಿಂಗಳಿಗೋ ಎರಡು ತಿಂಗಳಿಗೋ ಹೈವೇನಲ್ಲಿ ರಾಡ್ ಮುರಿದು ಬ್ಲಾಕ್ ಒಡೆದು ಆಚೆ ಬರುತ್ತೆ.”

“ಕಿಟ್ಟಿನವರು ಇದಕ್ಕೊಂದು ವಾಲ್ವ್ ಕೊಡ್ತಾರಂತಲ್ಲ?” ಅಂತ ತಮ್ಮ ಕೇಳಿದ.

ಕೊಡುತ್ತಾರೆ, ನಿಜ. ಪೈಪಿನ ಮೇಲ್ಭಾಗದಲ್ಲಿ ಕೂರಿಸುವ ಬೈಪಾಸ್ ವಾಲ್ವ್ ಅದು. ಕೆಳಗಿನ ಫಿಲ್ಟರ್ ಮುಳುಗಿ ಎಳೆತ ಹೆಚ್ಚಾದಾಗ ಅದು ತೆರೆದುಕೊಂಡು ಮೇಲಿನಿಂದ ಗಾಳಿ ಕೊಡುತ್ತದೆ. ಆದರೆ ವಾಲ್ವ್ ಇರುವ ಜಾಗ ನೀರಿಗಿಂತ ಮೇಲಿರಬೇಕು, ಟರ್ಬೊ ಇರುವ ಎಂಜಿನ್ನಿಗೆ ಅದನ್ನು ಹಾಕಬೇಡಿ ಅಂತ ಮಾಡುವವರೇ ಎಚ್ಚರಿಸುತ್ತಾರೆ. ಈಗಿನ ಡೀಸೆಲ್ ಕಾರುಗಳಲ್ಲಿ ಟರ್ಬೊ ಇಲ್ಲದ್ದು ಹುಡುಕಿದರೂ ಸಿಗುವುದು ಕಷ್ಟ. ಫಿಲ್ಟರಿಗೆ ತೊಡಿಸುವ ನೀರು ಹಿಡಿಯದ ಬಟ್ಟೆಯ ಚೀಲವೂ ಸಿಗುತ್ತದೆ. ಎರಚಿದ ನೀರನ್ನು ಅದು ತಡೆಯುತ್ತದೆ, ಮುಳುಗಿದರೆ ಅದರಿಂದ ಪ್ರಯೋಜನವಿಲ್ಲ.

ನಮ್ಮ ಕಡೆಯವೇ ಆದ ಇನ್ನೆರಡು ವಿಷಯವನ್ನೂ ಮೆಕ್ಯಾನಿಕ್ ಹೇಳಿದರು. ಒಂದು, ವಾಟರ್ ಸರ್ವಿಸ್. ಕಂಪನಿ ಫಿಲ್ಟರ್ ಡಬ್ಬಿಯೊಳಗೆ ಮುಚ್ಚಿರುತ್ತದೆ, ಕಿಟ್ಟಿನ ಫಿಲ್ಟರ್ ಬೆತ್ತಲೆ. ತೊಳೆಯುವ ಹುಡುಗ ಬಂಪರಿನೊಳಗೆ ಜೋರು ನೀರು ಬಿಟ್ಟರೆ ನೇರ ಫಿಲ್ಟರಿಗೇ ಹೊಡೆಯುತ್ತದೆ. ಒಳಗೆ ಗಾಳಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ನೀರು ತಾಗಿದರೆ, ಅಥವಾ ಫಿಲ್ಟರಿಗೆ ಹೆಚ್ಚಾಗಿ ಸವರಿದ ಎಣ್ಣೆ ತಾಗಿದರೆ ಅದು ಕೆಡುತ್ತದೆ. ಇನ್ನೊಂದು, ದೂಳು. ಕಂದಿಕೆರೆ ಕಡೆಯ ಗಣಿಯ ಕೆಂಪು ಮಣ್ಣು, ನಾರಿನ ಫ್ಯಾಕ್ಟರಿಯ ದೂಳು ಎರಡೂ ನೆಲದ ಮಟ್ಟದಲ್ಲೇ ಹೆಚ್ಚು. ಎಣ್ಣೆ ಸವರಿದ ಫಿಲ್ಟರಿನ ಮೇಲೆ ಆ ದೂಳು ಕೂತು, ಮೇಲೆ ಕೆಸರು ನೀರು ಎರಚಿದರೆ ಮಣ್ಣಿನ ಗೋಡೆಗೆ ಗಿಲಾವು ಮಾಡಿದ ಹಾಗಾಗುತ್ತದೆ. ಪವರ್ ಬರಲಿ ಅಂತ ಹಾಕಿಸಿದ್ದು ಇದ್ದ ಉಸಿರನ್ನೂ ಕಟ್ಟುತ್ತದೆ.

ಇಷ್ಟೆಲ್ಲ ಆದ ಮೇಲೆ ಮೆಕ್ಯಾನಿಕ್ ತಮ್ಮನ ಕಾರಿನ ಹಳೆಯ ಫಿಲ್ಟರ್ ಡಬ್ಬಿ ತೆಗೆದರು. ಪೇಪರ್ ಫಿಲ್ಟರ್ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕೊಂಡಾಗಿನಿಂದ ಬದಲಾಯಿಸಿರಲಿಲ್ಲ. ಕೆಲವು ನೂರು ರೂಪಾಯಿಯ ಹೊಸ ಫಿಲ್ಟರ್ ಹಾಕಿ, ಇಂಟರ್‌ಕೂಲರಿಗೆ ಹೋಗುವ ಹೋಸಿನ ಸಡಿಲ ಕ್ಲಾಂಪು ಬಿಗಿ ಮಾಡಿದರು. ಮದಲಿಂಗನ ಕಣಿವೆಯ ಏರು ಹತ್ತಿ ಬಂದ ತಮ್ಮ “ಎಳೀತಾ ಐತೆ ಕಣಣ್ಣ” ಅಂದ. ಕಿಟ್ ಇನ್ನೂ ಅಟ್ಟದ ಮೇಲಿದೆ. ಆ ಸದ್ದಿನ ಆಸೆ ಅವನಿಗೆ ಹೋಗಿಲ್ಲ, ಹೋಗುತ್ತದೆ ಅಂತ ನಾನೂ ಹೇಳುವುದಿಲ್ಲ.

2022ರ ಸೆಪ್ಟೆಂಬರ್ 5ರ ಸುಮಾರಿಗೆ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರಿನ ಕಡೆ ನೀರು ತುಂಬಿ ಕೋಟಿ ಬೆಲೆಯ ಕಾರುಗಳು ತೇಲಿದ ಚಿತ್ರ ಎಲ್ಲರೂ ನೋಡಿದ್ದೇವೆ. ಆವತ್ತು ಐಟಿ ಕಂಪನಿಯವರನ್ನು ಆಫೀಸಿಗೆ ಮುಟ್ಟಿಸಿದ್ದು ಟ್ರ್ಯಾಕ್ಟರ್. ನಮ್ಮೂರಿನ ಆ ಹುಡುಗನ ಕಾರನ್ನು ಎಳೆದದ್ದೂ ಟ್ರ್ಯಾಕ್ಟರೇ. ಅದರ ಶಕ್ತಿ, ದೊಡ್ಡ ಚಕ್ರ ಒಂದು ಕಾರಣ. ಇನ್ನೊಂದು ಕಾರಣ ಯಾರೂ ಗಮನಿಸುವುದಿಲ್ಲ. ಕೆಸರಿನಲ್ಲಿ ಕೆಲಸ ಮಾಡುವ ಯಂತ್ರ ಅಂತ ತಿಳಿದೇ ಅದನ್ನು ಮಾಡಿದವರು ಗಾಳಿ ಎಳೆಯುವ ಬಾಯಿಯನ್ನು ಎತ್ತರದಲ್ಲಿ ಇಟ್ಟಿದ್ದಾರೆ. ಥಾರ್ ಜೀಪು 650 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು ಅಂತ ಕಂಪನಿ ಹೇಳುವುದೂ ಅವರು ಇಟ್ಟ ಜಾಗದಲ್ಲಿ ಮೂಗು ಇದ್ದರೆ. ನಾವು ಅದನ್ನು ಕೆಳಗಿಳಿಸಿದ ದಿನವೇ ಆ ಲೆಕ್ಕ ನಮ್ಮದಲ್ಲ.

ಈಗಾಗಲೇ ಹಾಕಿಸಿಕೊಂಡಿರುವವರಿಗೆ ಬೈಯುವುದರಲ್ಲಿ ಅರ್ಥವಿಲ್ಲ. ನಾಳೆ ಬೆಳಿಗ್ಗೆ ಟೇಪು ಹಿಡಿದು ಫಿಲ್ಟರಿನ ತಳ ನೆಲದಿಂದ ಎಷ್ಟಿದೆ ಅಳೆಯಿರಿ. ನೀರು ನಿಂತಲ್ಲೇ ನಿಂತಿರುವುದಿಲ್ಲ ಅನ್ನುವುದು ನೆನಪಿರಲಿ. ನಿಮ್ಮ ಕಾರೇ ಮುಂದೆ ಅಲೆ ಎಬ್ಬಿಸುತ್ತದೆ, ಎದುರಿಗೆ ಬಸ್ಸು ಬಂದರೆ ಅದರ ಅಲೆ ಇನ್ನೂ ಎತ್ತರ. ಆದ್ದರಿಂದ ಅಳತೆಯ ಅರ್ಧದಷ್ಟು ನೀರು ಕಂಡರೂ ವಾಪಸ್ ತಿರುಗಿಸಿ. ಮಳೆಗಾಲಕ್ಕೆ ಹಳೆಯ ಡಬ್ಬಿಯನ್ನೇ ಮತ್ತೆ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು, ಅರ್ಧ ಗಂಟೆಯ ಕೆಲಸ. ಇನ್ಶೂರೆನ್ಸ್ ಮಾಡಿಸುವಾಗ ಹಾಕಿಸಿರುವುದನ್ನು ಬರವಣಿಗೆಯಲ್ಲಿ ತಿಳಿಸಿ.

ನೀರಿನಲ್ಲಿ ಎಂಜಿನ್ ನಿಂತೇಹೋದರೆ ಸೆಲ್ಫ್ ಹೊಡೆಯಬೇಡಿ. ಒಂದು ಸಲವೂ ಬೇಡ. ಮೆಲ್ಲಗೆ ಹೋಗುತ್ತಿದ್ದರೆ ನಿಂತ ಕ್ಷಣಕ್ಕೆ ರಾಡ್ ಉಳಿದಿರುವ ಸಾಧ್ಯತೆ ಇದೆ, ಅದನ್ನು ಮುಗಿಸುವುದು ಆಮೇಲಿನ ಆ ಸೆಲ್ಫ್. ತಳ್ಳಿಸಿ ಹೊರಗೆ ತನ್ನಿ, ಗೇರಿನಲ್ಲಿ ಎಳೆಸಬೇಡಿ, ಬ್ಯಾಟರಿ ವೈರ್ ಬಿಚ್ಚಿ. ಮೆಕ್ಯಾನಿಕ್ ಬಂದು ಫಿಲ್ಟರ್, ಪೈಪು, ಇಂಟರ್‌ಕೂಲರ್ ಬಿಚ್ಚಿ ನೀರಿದೆಯೇ ನೋಡಲಿ. ಇಂಟರ್‌ಕೂಲರಿನ ತಳದಲ್ಲಿ ನಿಂತ ನೀರು ಮರುದಿನ ಒಮ್ಮೆಲೇ ಒಳಗೆ ಹೋಗಿ ಕೆಡಿಸಿದ್ದೂ ಉಂಟು. ಗ್ಲೋ ಪ್ಲಗ್ ತೆಗೆದು ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದರೆ ಸಿಲಿಂಡರಿನ ನೀರು ಆ ತೂತಿನಿಂದ ಹೊರಗೆ ಬರುತ್ತದೆ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಬದಲಾಯಿಸದೆ ಸ್ಟಾರ್ಟ್ ಮಾಡಬೇಡಿ.

ನೀರು ಏರುತ್ತಿದ್ದರೆ ಇದ್ಯಾವುದನ್ನೂ ಯೋಚಿಸದೆ ಮೊದಲು ಇಳಿಯಿರಿ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡರು. ವಿಧಾನಸೌಧದ ಕೂಗಳತೆಯಲ್ಲಿ. ತೊಂಬತ್ತು ಸಾವಿರದ ಎಂಜಿನ್ ಹೋದರೆ ಸಾಲ ಮಾಡಿಯಾದರೂ ಕಟ್ಟಬಹುದು.

ಕೊನೆಯ ಮಾತು ನನ್ನ ಹಾಗೆ ತಾಲ್ಲೂಕಿನಿಂದ ಸುದ್ದಿ ಕಳಿಸುವ ಗೆಳೆಯರಿಗೆ. ಮಳೆ ಬಂದ ಮರುದಿನ ನಾವು ಎಷ್ಟು ಮಿಲಿಮೀಟರ್ ಬಿತ್ತು, ಎಷ್ಟು ಮನೆ ಗೋಡೆ ಬಿತ್ತು ಅಂತ ಬರೆದು ಮುಗಿಸುತ್ತೇವೆ. ಅದರ ಜೊತೆ ಒಂದು ಸಾಲು ಸೇರಿಸೋಣ: ಯಾವ ಅಂಡರ್‌ಪಾಸಿನಲ್ಲಿ, ಯಾವ ಹಳ್ಳದ ರಸ್ತೆಯಲ್ಲಿ ಎಷ್ಟು ಅಡಿ ನೀರು ನಿಂತಿತ್ತು, ಎಷ್ಟು ಗಂಟೆ ನಿಂತಿತ್ತು. ಅಂಥ ಕಡೆ ಗೋಡೆಗೆ ಅಡಿಯ ಗುರುತು ಬಣ್ಣದಲ್ಲಿ ಬರೆಸಿ ಅಂತ ರೈಲ್ವೆಯವರನ್ನೂ ಪಂಚಾಯಿತಿಯವರನ್ನೂ ಕೇಳೋಣ. ಒಂದು ಡಬ್ಬಿ ಬಣ್ಣದ ಖರ್ಚು. ರಾತ್ರಿ ಹೊತ್ತು ಮಂಡಿಯಿಂದ ಮನೆಗೆ ಬರುವವನಿಗೆ ಹೆಡ್‌ಲೈಟಿನ ಬೆಳಕಿನಲ್ಲಿ ‘2’ ಅನ್ನುವ ಅಂಕಿ ಮುಳುಗಿರುವುದು ಕಂಡರೆ, ಅವನು ಗಾಡಿ ತಿರುಗಿಸುತ್ತಾನೆ.